ರಾಕೆಟ್ ಸಾಲಿಗೆ ಇನ್ನೊಂದು ಸಸಿ

ಅಪ್ಪಾಜಿ,

“ಆಕಾಶ ಯಾರಪ್ಪನ ಆಸ್ತಿಯೂ ಅಲ್ಲ, ಅದಕ್ಕೇ…” ಎಂದು ನೀವು ಹೇಳುತ್ತಿದ್ದಿರಲ್ಲ, ಮುಂದಿನ ಮಾತು ಏನಿತ್ತು? ಅದಕ್ಕೇ ಸರ್ಕಾರ ನೋಡಿಕೊಳ್ಳಬೇಕು ಎಂದಿದ್ದಿರೋ, ಅದಕ್ಕೇ ಯಾರು ಬೇಕಾದರೂ ಹೋಗಬಹುದು ಎಂದಿದ್ದಿರೋ? ಎಷ್ಟೋ ಕವಿತೆಗಳು ಬಾಯಿಗೆ ಬರುವ ನನಗೆ ನಿಮ್ಮ ಈ ಒಂದು ಸಾಲು ಪೂರ್ತಿ ನೆನಪಾಗುತ್ತಿಲ್ಲ. ಈ ವರ್ಷ ಅದು ಬೇಕಾಗಿತ್ತು.

ನೀವು ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದಾಗ, ರಾಕೆಟ್ ಹಾರುವ ದಿನ ರೇಡಿಯೋವನ್ನು ತರಗತಿಗೇ ಒಯ್ಯುತ್ತಿದ್ದಿರಿ. ಮುಂದಿನ ಭಾನುವಾರ ಚೌಳಹಿರಿಯೂರಿನ ನಮ್ಮ ಹೊಲದ ಪೂರ್ವದ ಬದುವಿನಲ್ಲಿ ಒಂದು ತೆಂಗಿನ ಸಸಿ. ಒಮ್ಮೆ ರಾಕೆಟ್ ಸಮುದ್ರಕ್ಕೆ ಬಿತ್ತು. ಆ ಭಾನುವಾರವೂ ಗುಂಡಿ ತೋಡಿದಿರಿ. “ಬಿದ್ದಿದ್ದಕ್ಕೂ ಯಾಕೆ?” ಎಂದು ಅಮ್ಮ ಕೇಳಿದ್ದಕ್ಕೆ, “ಅವ್ರೂ ಅಷ್ಟೇ ಕಷ್ಟ ಬಿದ್ದಿರ್ತಾರೆ ಕಣೇ” ಎಂದಿರಿ. ಊರಿನವರು ಈಗಲೂ ಅದನ್ನು ರಾಕೆಟ್ ಸಾಲು ಎಂದೇ ಕರೆಯುತ್ತಾರೆ.

ಬೇಸಿಗೆಯಲ್ಲಿ ಸಹನಾ ಎಂಬ ಇಂಜಿನಿಯರ್ ಹುಡುಗಿ ಬಂದಳು. ಖಾಸಗಿ ಕಂಪನಿಯವಳು. ಉಪಗ್ರಹಗಳೊಂದಿಗೆ ಮಾತಾಡುವ ದೊಡ್ಡ ಡಿಶ್ ಒಂದನ್ನು ನಿಲ್ಲಿಸಲು ಹೊಲದ ಒಂದು ಮೂಲೆ ಬಾಡಿಗೆಗೆ ಬೇಕಂತೆ. ನಿಮಗೆ ಇದು ಗೊತ್ತಿಲ್ಲ: ಬಾಹ್ಯಾಕಾಶದ ಕೆಲಸ ಈಗ ಸರ್ಕಾರದ್ದು ಮಾತ್ರವಲ್ಲ. ರಾಕೆಟ್ಟನ್ನೂ ಉಪಗ್ರಹವನ್ನೂ ಕಂಪನಿಗಳು ಮಾಡುತ್ತವೆ. ಸರ್ಕಾರ ಒಪ್ಪಿಗೆ ಕೊಡುತ್ತದೆ, ಹಾರಿಸಲು ಜಾಗ ಕೊಡುತ್ತದೆ. ಮೇಲಿಂದ ಏನಾದರೂ ಬೇರೆ ದೇಶದ ಮೇಲೆ ಬಿದ್ದರೆ ಉತ್ತರ ಹೇಳಬೇಕಾದದ್ದು ಮಾತ್ರ ಇವತ್ತಿಗೂ ಸರ್ಕಾರವೇ.

“ನಿಮ್ಮ ಉಪಗ್ರಹ ಮೇಲಿಂದ ನಮ್ಮ ಹೊಲದ ಚಿತ್ರ ತೆಗೆದರೆ ನಮಗೆ ಕೊಡ್ತೀರಾ?” ಎಂದು ಕೇಳಿದೆ.

“ಇಲ್ಲ ಮೇಡಂ, ಮಾರ್ತೀವಿ. ಅದೇ ನಮ್ಮ ವ್ಯಾಪಾರ” ಎಂದಳು. ಆ ನೇರ ಮಾತು ಹಿಡಿಸಿತು. ಆಮೇಲೆ ಬದುವಿನ ಕಡೆ ಕೈ ತೋರಿಸಿದಳು. “ಒಂದೇ ತೊಂದರೆ. ಆ ತೆಂಗಿನ ಸಾಲು ಪೂರ್ವದ ದಿಗಂತಾನ ಮುಚ್ಚುತ್ತೆ. ಕಡಿಸಬೇಕಾಗುತ್ತೆ.”

ಪಕ್ಕದ ಮನೆಯ ತಿಪ್ಪೇಶಣ್ಣನಿಗೆ ಹೇಗೋ ಸುದ್ದಿ ಮುಟ್ಟಿತ್ತು. ನಿಮ್ಮ ಕೈಯಲ್ಲಿ ಏಟು ತಿಂದ ಶಿಷ್ಯ, ಬಿಡುತ್ತಾನೆಯೇ? “ಏನಮ್ಮಾ, ಸರ್ಕಾರದ ರಾಕೆಟ್ ಕಡ್ದು ಕಂಪನಿ ಛತ್ರಿ ನೆಡ್ತೀಯಂತೆ?”

ಡಿಶ್ ಬೇಡವೇ ಬೇಡ ಎನ್ನಲು ಮನಸ್ಸಿರಲಿಲ್ಲ. ನೀವಿದ್ದಿದ್ದರೆ, ನಮ್ಮದೇ ಹೊಲದಲ್ಲಿ ನಿಂತು ಉಪಗ್ರಹದ ಮಾತು ಕೇಳಬಹುದು ಎಂದು ಗೊತ್ತಾಗಿದ್ದರೆ… ಆದರೆ ಮರ ಕಡಿಸಲಾರೆ ಎಂದೆ. ಬೇರೆ ಜಾಗ ಹುಡುಕಿಕೊಳ್ಳುತ್ತೇವೆ ಎಂದು ಕಂಪನಿಯಿಂದ ಫೋನ್ ಬಂತು. ಮುಗಿಯಿತು ಅಂದುಕೊಂಡಿದ್ದೆ. ಮಳೆ ಶುರುವಾಗುವ ಮುಂಚೆ ಸಹನಾ ಒಬ್ಬಳೇ ಬಂದು, ನಮ್ಮ ಹೊಲದ ಮೇಲಿನ ಕಲ್ಲು ದಿಣ್ಣೆ ಹತ್ತಿ ಅಳತೆ ಮಾಡಿದಳು. ಅಲ್ಲಿಂದ ತೆಂಗಿನ ತಲೆಗಳು ದಿಗಂತದ ಕೆಳಗೇ ಉಳಿಯುತ್ತವೆ. ದಾರಿ ಮಾಡಿಸಬೇಕು, ಕೇಬಲ್ ಉದ್ದ ಎಳೆಯಬೇಕು. ಅವಳ ಮೇಲಿನವರು ಗೊಣಗಿದರಂತೆ, ಕೊನೆಗೆ ಒಪ್ಪಿದರು. ಉಪಗ್ರಹ ಹಾದುಹೋಗುವಾಗ ಶಾಲೆಯ ಮಕ್ಕಳು ಬಂದು ನೋಡಬಹುದು ಎಂದು ಕರಾರಿಗೆ ಸೇರಿಸಿ ಸಹಿ ಮಾಡಿದೆ. ನಿಮ್ಮ ಸಾಲಿನ ಉಳಿದರ್ಧ ಗೊತ್ತಿಲ್ಲದೆಯೇ ಮಾಡಿದೆ. ತಪ್ಪೇ?

ನಿನ್ನೆ ಬೆಳಿಗ್ಗೆ ಸಹನಾಳ ಕಂಪನಿಯ ಮೊದಲ ಉಪಗ್ರಹ ಹಾರಿತು. ರಾಕೆಟ್ಟೂ ಇನ್ನೊಂದು ಖಾಸಗಿ ಕಂಪನಿಯದು, ಹಾರಿಸಿದ ನೆಲ ಮಾತ್ರ ಸರ್ಕಾರದ್ದು. ನಾನೂ ದಿಣ್ಣೆಯ ಮೇಲಿದ್ದೆ. ಡಿಶ್ ಮೆಲ್ಲಗೆ ಪೂರ್ವಕ್ಕೆ ತಿರುಗಿ, ನಿಮ್ಮ ಮರಗಳ ಮೇಲಿಂದ ನೋಡುತ್ತಾ ಕಾಯಿತು. ಏನೂ ಕೇಳಿಸಲಿಲ್ಲ. ರಾಕೆಟ್ ಅರ್ಧದಲ್ಲೇ ದಾರಿ ತಪ್ಪಿ ಸಮುದ್ರ ಸೇರಿತ್ತು. “ಬರಲ್ಲ ಮೇಡಂ” ಎಂದು ಸಹನಾ ಕಂಪ್ಯೂಟರ್ ಮುಚ್ಚಿದಳು. ಮನೆಗೆ ಕರೆತಂದು ರೊಟ್ಟಿ ಹಾಕಿದೆ. ಒಂದನ್ನೂ ಪೂರ್ತಿ ತಿನ್ನಲಿಲ್ಲ. ರಾತ್ರಿ ಇಲ್ಲೇ ಉಳಿದಳು.

ಇವತ್ತು ಭಾನುವಾರ. ಇಷ್ಟು ಬರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತಿಪ್ಪೇಶಣ್ಣ. ಹೆಗಲ ಮೇಲೆ ಹಾರೆ, ಕೈಯಲ್ಲಿ ತೆಂಗಿನ ಸಸಿ. ನನ್ನ ಹಿಂದೆ ಬಂದು ನಿಂತ ಸಹನಾಳನ್ನು ಒಮ್ಮೆ ನೋಡಿ ನನ್ನನ್ನು ಕೇಳಿದ:

“ಪ್ರೈವೇಟ್‌ನೋರ್ದು ಅಂತ ಗುಂಡಿ ಚಿಕ್ಕದಾಗಿ ತೋಡ್ಬೇಕೇನಮ್ಮಾ?”