ಜುಮುಕಿಯ ತಂತಿ

ಗಂಗೊಳ್ಳಿ
20-11-2006, ಸೋಮವಾರ

ಸೌಭಾಗ್ಯವತಿ ಹರಿಣಾಕ್ಷಿಗೆ,

ಗಂಡನಾದವನು ಆಶೀರ್ವಾದದಿಂದ ಕಾಗದ ಶುರು ಮಾಡಬೇಕಂತೆ. ಈಗ ನಿನ್ನನ್ನು ಆಶೀರ್ವದಿಸುವಷ್ಟು ಧೈರ್ಯ ನನಗಿಲ್ಲ. ಆದ್ದರಿಂದ ನಮಸ್ಕಾರ. ನೀನೂ ಪೂಜಿತಾಳೂ ಹಂಗಾರಕಟ್ಟೆಯಲ್ಲಿ ನಿನ್ನ ಅಮ್ಮನ ಮನೆಯಲ್ಲಿ ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾನೂ ಬೆಕ್ಕೂ ಇದ್ದೇವೆ. ಬೆಕ್ಕು ನಿನ್ನ ಮೀನಿನ ಬುಟ್ಟಿಯ ಪಕ್ಕದಲ್ಲೇ ಮಲಗುತ್ತದೆ, ನಾನು ಕರೆದರೆ ಬರುವುದಿಲ್ಲ.

ಈ ಕಾಗದ ತರುವವನು ಕುಷ್ಟ. ನಿಮ್ಮೂರಲ್ಲಿ ದೋಣಿ ಕಟ್ಟುವಲ್ಲಿ ಅವನಿಗೇನೋ ಕೆಲಸವಿದೆಯಂತೆ. ಅವನ ಹತ್ತಿರ ನನ್ನ ವಿಷಯ ಏನೂ ಕೇಳಬೇಡ. ಇದ್ದದ್ದಕ್ಕೆ ಇಲ್ಲದ್ದು ಸೇರಿಸಿ ಹೇಳುವ ಜನ.

ಗುರುವಾರ ಮಧ್ಯಾಹ್ನ ನೀನು ಪೇಟೆಯಿಂದ ಬಂದವಳು ಕೆನ್ನೆಗೆ ಕೈಕೊಟ್ಟುಕೊಂಡು, ಒಂದು ಮಾತೂ ಆಡದೆ ಚೀಲ ತುಂಬಿಸಿದೆ. ಶಾಲೆಯಿಂದ ಬಂದ ಮಗಳನ್ನು ಯೂನಿಫಾರ್ಮ್ ಬಿಚ್ಚಲೂ ಬಿಡದೆ ಹೊರಡಿಸಿದೆ. ಎಂತ ಆಯಿತು ಎಂದು ಕೇಳಿದರೆ ಬಾಗಿಲು ತೋರಿಸಿದೆ, ಆ ಬಾಗಿಲಿನಿಂದ ನೀನೇ ಹೋದೆ. ಮದುವೆಯಾದಂದಿನಿಂದ ನಿನ್ನ ಬೈಗುಳ ತಿಂದೇ ಬೆಳೆದವನು ನಾನು. ನಿನ್ನ ಮೌನ ಕಂಡದ್ದು ಅದೇ ಮೊದಲು. ಪೂಜಿತಾ ಮಾತ್ರ ತಿರುಗಿ ನಿಂತು, "ಅಪ್ಪಯ್ಯ, ಅಮ್ಮಣಕ್ಕ ಎಂತದೋ ಹೇಳಿತ್ತಂಬ್ರ್" ಎಂದಳು.

ಮೀನು ಮಾರ್ಕೆಟ್ಟಿನಲ್ಲಿ ನಿನ್ನ ಪಕ್ಕ ಕೂರುವ ಅಮ್ಮಣಿ ಹೇಳಿದ್ದೇನೆಂದು ಆಮೇಲೆ ಗೊತ್ತಾಯಿತು. "ಹ್ವಾಯ್, ನಿನ್ ಗಂಡನ್ ಹಲ್ಲ್ ಅಷ್ಟ್ ಹಾಳಾಯ್ತಾ? ಪೌಡರ್ ಹಾಯ್ಕಂಡ್ ಹಲ್ಲಿನ್ ಡಾಕ್ಟ್ರಮ್ಮನಲ್ಲಿಗೆ ಹೋತ್ರಲೆ" ಎಂದಳಂತೆ. ಪೌಡರು ಹಾಕಿದ್ದು ನಿಜ. ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವನ ಮೈಯ ಅಮೋನಿಯಾ ವಾಸನೆಗೆ ನೀನೇ ಮೂಗು ಮುಚ್ಚಿಕೊಳ್ಳುತ್ತೀ. ಡಾಕ್ಟರಂಥವರ ಹತ್ತಿರ ಹಾಗೇ ಹೋಗುವುದು ಹೇಗೆ?

ಎಲ್ಲವನ್ನೂ ಮೊದಲಿನಿಂದ ಹೇಳಿಬಿಡುತ್ತೇನೆ. ಹೋದ ವರ್ಷ ಹಡಗಿನ ಕೆಲಸದ ವಿಶಾಲ್ ಊರಿಗೆ ಬಂದಾಗ ನನಗೊಂದು ಸ್ಪಿನ್ನರ್‌ಬೈಟ್ ತಂದುಕೊಟ್ಟನಲ್ಲ. ಬಿಚ್ಚಿದ ಸೇಫ್ಟಿ ಪಿನ್ನಿನ ಹಾಗೆ ಬಗ್ಗಿಸಿದ ತಂತಿ, ಅದರ ಒಂದು ಕೊನೆಯಲ್ಲಿ ಗಿರಗಿರ ತಿರುಗುವ ತಗಡು, ಇನ್ನೊಂದು ಕೊನೆಯಲ್ಲಿ ಸೀಸದ ಗುಂಡು, ಗಾಳ, ರಬ್ಬರಿನ ಕುಚ್ಚು. ಅದನ್ನು ಕಂಡು, ಒಂಟಿ ಜುಮುಕಿ ಯಾರದ್ದು ಎಂದು ನೀನು ಕೇಳಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಅದು ಜುಮುಕಿಯೇ. ಅಳಿವೆಯಲ್ಲಿ ಅದನ್ನು ಎಸೆದು ಎಳೆದರೆ ಕೆಂಬೇರಿ ಮೀನು ಹುಚ್ಚು ಹಿಡಿದ ಹಾಗೆ ಬರುತ್ತಿತ್ತು. ಆದರೆ ಮೀನು ಕಚ್ಚಿದಾಗೆಲ್ಲ ತಂತಿ ಬಾಗುತ್ತದೆ, ನಾವು ನೆಟ್ಟಗೆ ಮಾಡುತ್ತೇವೆ, ಮತ್ತೆ ಅಲ್ಲಿಯೇ ಬಾಗುತ್ತದೆ. ಒಂದು ದಿನ ದಾರ ಕಟ್ಟುವ ಆ ಬಾಗಿನಲ್ಲೇ ಪಟ್ಟನೆ ಮುರಿಯಿತು. ಮೀನೂ ಹೋಯಿತು, ಜುಮುಕಿಯೂ ಹೋಯಿತು.

ಆಮೇಲೆ ನಾನೇ ಮಾಡಲು ಹೊರಟೆ. ಸೈಕಲಿನ ಕಡ್ಡಿ ಹಾಕಿದೆ, ಉಪ್ಪುನೀರಿಗೆ ತುಕ್ಕು ಹಿಡಿಯಿತು. ಸ್ಕೂಟರಿನ ಬ್ರೇಕ್ ವೈರು ಹಾಕಿದೆ, ಎಳೆ ಬಿಚ್ಚಿ ಪೊರಕೆಯಾಯಿತು. ದಪ್ಪ ತಂತಿ ಹಾಕಿದರೆ ಮುರಿಯುವುದಿಲ್ಲ ನಿಜ, ಆದರೆ ತಗಡು ತಿರುಗುವಾಗ ಜುಮುಕಿ ನಡುಗುವುದಿಲ್ಲ. ನಡುಗದಿದ್ದರೆ ಮೀನು ಹತ್ತಿರ ಬಂದು ನೋಡಿ, ನಿನ್ನ ಅಮ್ಮ ನನ್ನನ್ನು ನೋಡುವ ಹಾಗೆ ನೋಡಿ, ಹೋಗುತ್ತದೆ. ತೆಳ್ಳಗಿರಬೇಕು, ಮುರಿಯಬಾರದು, ತುಕ್ಕು ಹಿಡಿಯಬಾರದು. ಹಾಗಿದ್ದದ್ದು ಛತ್ರಿಯ ಕಡ್ಡಿ ಎಂದು ನನಗೆ ಅನ್ನಿಸಿತು. ಆಗ ಜಗಲಿಯಲ್ಲಿದ್ದ ಛತ್ರಿ ನಿನ್ನ ಅಣ್ಣ ಚಂದಯ್ಯ ಭಾವನದ್ದು ಎಂಬುದು ದೇವರಾಣೆ ನನಗೆ ತಿಳಿದಿರಲಿಲ್ಲ. ಅವರು ಆ ಮಳೆಯಲ್ಲಿ ಅರ್ಧ ಛತ್ರಿ ಬಿಚ್ಚಿಕೊಂಡು ಬಸ್‌ಸ್ಟಾಪಿಗೆ ಹೋದದ್ದನ್ನು ನೀನು ಮರೆತಿಲ್ಲ, ಅವರೂ ಮರೆತಿಲ್ಲ. ಆ ದಿನವೇ ನೀನು ಹೇಳಿದ್ದು: "ಇನ್ನೊಂದ್ ಜುಮುಕಿ ಈ ಮನೆಯಲ್ಲ್ ಕಂಡ್ರೆ ನಾನ್ ಹಂಗಾರಕಟ್ಟಿಗೆ ಹೋತೆ." ನಾನು ಒಪ್ಪಿದೆ. ಆ ಹೊತ್ತಿಗೆ ಮನಸಾರೆ ಒಪ್ಪಿದ್ದೆ.

ಆದರೆ ನಮ್ಮ ಮಗಳ ಉಬ್ಬುಹಲ್ಲಿಗೆ ಕ್ಲಿಪ್ ಹಾಕಿಸಬೇಕು ಎಂದವಳು ನೀನೇ ತಾನೆ? ನಿನಗೆ ಮಾರ್ಕೆಟ್ ಇತ್ತು, ನಾನು ಕರೆದುಕೊಂಡು ಹೋದೆ. ಡಾಕ್ಟರ್ ಕ್ಷಮಾ ನನ್ನ ಕಣ್ಣೆದುರೇ ಒಂದು ತಂತಿಯನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದರು. ತೆಳ್ಳಗಿನ ತಂತಿ, ಬೆಳ್ಳಿಯ ಹಾಗೆ ಹೊಳಪು. ಬೆರಳಿನಿಂದ ಒತ್ತಿ ಬಿಟ್ಟರು, ಜಿಗಿದು ಮೊದಲಿನ ಹಾಗೇ ನಿಂತಿತು. ಇದಕ್ಕೆ ತುಕ್ಕು ಹಿಡಿಯುತ್ತದಾ ಎಂದು ಕೇಳಿದೆ. ವರ್ಷಗಟ್ಟಲೆ ಬಾಯಿಯ ಎಂಜಲಿನಲ್ಲಿ ಇದ್ದರೂ ಏನೂ ಆಗುವುದಿಲ್ಲ ಎಂದರು. ನನ್ನ ಕಿವಿಗೆ ಆ ಮೇಲೆ ಏನೂ ಬೀಳಲಿಲ್ಲ. ಮಗಳು ಬಾಯಿ ತೆರೆದುಕೊಂಡು ಕೂತಿದ್ದಳು, ನಾನೂ ಬಾಯಿ ತೆರೆದುಕೊಂಡು ನಿಂತಿದ್ದೆ.

ಗಾಳಕ್ಕೆ ಬೇಕು ಎಂದು ಉಳಿದ ತುಂಡುಗಳನ್ನು ಕೇಳಿದೆ, ತಮ್ಮ ಹೆಸರಿನ ಲಕೋಟೆಯಲ್ಲಿ ಹಾಕಿ ಕೊಟ್ಟರು. ಪೂಜಿತಾಳಿಗೆ ಕ್ಲಿಪ್ ಹಾಕಿಸಿ ಆದ ಮೇಲೂ ಹೋದೆ. ಸುಮ್ಮನೆ ಕೇಳಬಾರದೆಂದು ಕಾಣೆ ಮೀನು ಕೊಂಡುಹೋದೆ. ಇದಿಷ್ಟೇ ನಮ್ಮ ವ್ಯವಹಾರ. ಕೌಂಟರಿನಲ್ಲಿ ಯಾವಾಗಲೂ ಡಾಕ್ಟರ ಅತ್ತೆ ಕೂತಿರುತ್ತಾರೆ. ಅವರ ಎದುರು ಕೆಮ್ಮುವುದಕ್ಕೂ ಅಪ್ಪಣೆ ಬೇಕು.

ನನ್ನ ಅಂಗಿ ಒಗೆಯುವಾಗ ನಿನಗೆ ಡಾಕ್ಟರ ಹೆಸರಿನ ಖಾಲಿ ಲಕೋಟೆ ಸಿಕ್ಕಿದ್ದು, ಅಮ್ಮಣಿ ಅದಕ್ಕೆ ಒಗ್ಗರಣೆ ಹಾಕಿದ್ದು, ನಾನೇ ಕಂಡುಬರುತ್ತೇನೆ ಎಂದು ನೀನು ಹಲ್ಲುನೋವಿನ ನೆಪ ಮಾಡಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತದ್ದು, ಎಲ್ಲವನ್ನೂ ಶುಕ್ರವಾರ ಬೆಳಿಗ್ಗೆ ಅಮ್ಮಣಿಯ ಬಾಯಿಂದಲೇ ತಿಳಿದುಕೊಂಡೆ. ಉಳಿದದ್ದನ್ನು ಆಸ್ಪತ್ರೆಗೆ ಓಡಿಹೋಗಿ ಡಾಕ್ಟರ ಹತ್ತಿರ ಕೇಳಿದೆ. ನೆಪಕ್ಕೆ ತೆರೆದ ಬಾಯಲ್ಲಿ ನಿಜವಾಗಿಯೂ ಕೊಳೆತ ದವಡೆಹಲ್ಲು ಇತ್ತಂತೆ. ನೀನು ಬೇಡ ಬೇಡ ಎನ್ನುವುದರೊಳಗೆ ಇಂಜೆಕ್ಷನ್ ಕೊಟ್ಟಾಗಿತ್ತಂತೆ. ಹಲ್ಲು ಕಿತ್ತು ಹತ್ತಿ ತುರುಕಿದ ಮೇಲೆ ಡಾಕ್ಟರು ನಗುತ್ತಾ, "ನಿಮ್ಮ ಯಜಮಾನರ ಗಾಳ ಹೇಗಿದೆ? ನಮ್ಮ ತಂತಿಗೆ ಮೀನು ಬಿತ್ತಾ?" ಎಂದು ಕೇಳಿದರಂತೆ. ಪಾಪ, ಅವರಿಗೇನು ಗೊತ್ತು? ಒಂದು ಗಂಟೆ ಮಾತಾಡಬಾರದು ಎಂದೂ ಹೇಳಿ ಕಳಿಸಿದರಂತೆ.

ಅಂದರೆ ನೀನು ಮನೆಗೆ ಬರುವಾಗಲೇ ನಿನಗೆ ಸಂಗತಿ ಗೊತ್ತಿತ್ತು. ನಿನ್ನ ಸಿಟ್ಟು ಡಾಕ್ಟರ ವಿಷಯದ್ದಲ್ಲ, ಜುಮುಕಿಯದ್ದು. ಇದು ತಿಳಿದ ಮೇಲೆ ನನಗೆ ಸಮಾಧಾನವಾಗಬೇಕಿತ್ತು, ಬದಲಿಗೆ ಹೆದರಿಕೆ ಹೆಚ್ಚಾಯಿತು. ಹೆಂಗಸಿನ ವಿಷಯವಾಗಿದ್ದರೆ ದೇವಸ್ಥಾನಕ್ಕೆ ಬಂದು ಆಣೆ ಹಾಕಿ ಪಾರಾಗುತ್ತಿದ್ದೆ. ಇದರಲ್ಲಿ ಆಣೆ ಹಾಕುವುದಕ್ಕೆ ಜಾಗವೇ ಇಲ್ಲ.

ನಿನ್ನೆ ಸಂಜೆ, ಆ ತಂತಿಯಲ್ಲಿ ಮಾಡಿದ ಜುಮುಕಿಯನ್ನು ಬಿಸಾಡಿಯೇ ಬರುತ್ತೇನೆ ಎಂದು ಅಳಿವೆಗೆ ಹೋದೆ. ಬಿಸಾಡಿದೆ ಕೂಡ. ದಾರ ಕಟ್ಟಿ ಬಿಸಾಡಿದೆ ಅಷ್ಟೆ. ಹರಿಣಾಕ್ಷಿ, ಎಂಥ ಕೆಂಬೇರಿ ಬಂತು ಗೊತ್ತಾ? ನನ್ನ ಕೈಯಷ್ಟು ಉದ್ದ. ಬಂಡೆಯ ಸಂದಿಗೆ ನುಗ್ಗಿತು, ನಾನು ಎಳೆದೆ, ಅದು ಎಳೆಯಿತು. ಮೇಲೆ ತಂದು ನೋಡಿದರೆ ತಂತಿ ಒಂದು ಗೆರೆಯಷ್ಟೂ ಬಾಗಿರಲಿಲ್ಲ. ಖುಷಿಯಲ್ಲಿ ಮನೆಯವರೆಗೆ ಓಡಿ ಬಂದೆ. ಅಂಗಳದಲ್ಲಿ ನಿಂತು ನಿನ್ನ ಹೆಸರು ಹಿಡಿದು ಕರೆದೆ. ಪಕ್ಕದ ಮನೆಯ ಕಮಲಕ್ಕ ಇಣುಕಿ, "ಅದ್ ಇಲ್ಯಲೆ" ಎಂದರು. ನೀನು ಮನೆಯಲ್ಲಿಲ್ಲ ಎಂಬುದು ಆಗ ನೆನಪಾಯಿತು. ಮೀನನ್ನು ಅವರಿಗೇ ಕೊಟ್ಟುಬಿಟ್ಟೆ. ಅಷ್ಟು ದೊಡ್ಡ ಮೀನು ಹಿಡಿದು, "ಇದನ್ನ ಕೊಯ್ಯೂದ್ ಯಾರ್?" ಎಂದು ಬೈಯುವವರಿಲ್ಲದಿದ್ದರೆ ಹಿಡಿದದ್ದಕ್ಕೆ ಅರ್ಥವೇ ಇಲ್ಲ.

ಪೂಜಿತಾಳ ಶಾಲೆ ತಪ್ಪುತ್ತಿದೆ. ಬೆಳಿಗ್ಗೆ ಟೀಚರ್ ಕೇಳಿಕಳಿಸಿದ್ದರು, ಜ್ವರ ಎಂದೆ. ಮನೆಯಲ್ಲಿ ಇನ್ನು ಮುಂದೆ ಜುಮುಕಿ ಇರುವುದಿಲ್ಲ. ಬೇಕಾದರೆ ಮಗಳ ಪುಸ್ತಕದ ಹಾಳೆಯಲ್ಲಿ ಬರೆದು ರುಜು ಹಾಕಿಕೊಡುತ್ತೇನೆ. ಚಂದಯ್ಯ ಭಾವನಿಗೆ ಹೊಸ ಛತ್ರಿ ತೆಗೆದಿದ್ದೇನೆ, ಕುಷ್ಟನ ಕೈಯಲ್ಲಿ ಕಳಿಸಿದ್ದೇನೆ. ಬಿಚ್ಚಿ ಎಲ್ಲ ಕಡ್ಡಿ ಇದೆಯೇ ಎಂದು ಅವರ ಎದುರೇ ನೋಡಿಕೊಳ್ಳಿ.

ಬೇಗ ಬಾ. ಬಂದು ಬೈ.

ನಿನ್ನ,
ಜಿತೇಂದ್ರ

ಮರೆತದ್ದು: ಜುಮುಕಿಯನ್ನು ಎರಡು ತುಂಡು ಮಾಡಿ ಈ ಕವರಿನಲ್ಲೇ ಇಟ್ಟು ಕಳಿಸಬೇಕು, ಆಗ ನೀನು ನಂಬುತ್ತೀ ಎಂದು ಇವತ್ತು ಬೆಳಿಗ್ಗೆ ಕೂತೆ. ಹಿಂದೆ ಮುಂದೆ ಬಗ್ಗಿಸಿದೆ, ಮುರಿಯಲಿಲ್ಲ. ಕಲ್ಲಿನಲ್ಲಿ ಜಜ್ಜಿದೆ, ಮುರಿಯಲಿಲ್ಲ. ಇಕ್ಕಳ ಐಸ್ ಪ್ಲಾಂಟಿನಲ್ಲಿತ್ತು. ಕಡೆಗೆ ಹಲ್ಲಿನಲ್ಲಿ ಕಚ್ಚಿ ಎಳೆದೆ. ತಂತಿ ಹಾಗೇ ಇದೆ. ನನ್ನ ಮುಂದಿನ ಎರಡು ಹಲ್ಲು ಇಲ್ಲ. ಹತ್ತು ಗಂಟೆಗೆ ಫೋನ್ ಮಾಡಿ ಫೂ ಫೂ ಎಂದವನು ನಾನೇ. ನಿನ್ನ ಅಮ್ಮ, ಯಾರೋ ಬೆಳಿಗ್ಗೆಯೇ ಕುಡಿದಿದ್ದಾನೆ ಎಂದು ಇಟ್ಟುಬಿಟ್ಟರು. ಡಾಕ್ಟರ್ ಕ್ಷಮಾ ಬುಧವಾರ ಬರಲು ಹೇಳಿಕಳಿಸಿದ್ದಾರೆ. ಒಬ್ಬನೇ ಹೋದರೆ ಅಮ್ಮಣಿ ನೋಡುತ್ತಾಳೆ. ನೀನು ಜೊತೆಗೆ ಬಂದರೆ ಮಾತ್ರ ಹೋಗುತ್ತೇನೆ, ಇಲ್ಲದಿದ್ದರೆ ಹೀಗೇ ಇರುತ್ತೇನೆ.