ರವಿವಾರದ ಭಂಡಾರ

ಅಕ್ಟೋಬರ್ 28, ಮಂಗಳವಾರ. ಬೆಳಿಗ್ಗೆ

ಕಣಕ ನಾದುತ್ತಲೇ ಮೋಟರ್ ಚಾಲೂ ಮಾಡಿದೆ. ಹಿಟ್ಟು ಮೆತ್ತಿದ ಬೆರಳಿನಿಂದ ಫೋನಿನ ಮೇಲೆ ಒಂದು ಒತ್ತು — ಅಷ್ಟೇ. ಅತ್ತ ತೋಟದ ಬಾವಿಯ ದಡದಲ್ಲಿ ಪಂಪು ಎದ್ದಿತು, ದ್ರಾಕ್ಷಿಗೆ ಡ್ರಿಪ್ ಶುರು. "ಮೋಟರ್ ಚಾಲೂ ಆಗಿದೆ" ಎಂದು ಮೆಸೇಜೂ ಬಂತು. ಆಹಾ!

ಈ ಫೋನ್ ಸ್ಟಾರ್ಟರಿಗಾಗಿ ಇವರ ಬೆನ್ನು ಹತ್ತಿ ಹತ್ತಿ ಸಾಕಾಗಿತ್ತು. ಎಮ್ಮೆ ಮಾರಿದ್ದಾಯಿತು. ರೊಟ್ಟಿ ಈಗ ರೊಟ್ಟಿ ಕೇಂದ್ರದಿಂದ. ಹಿತ್ತಾಳೆ ಪಾತ್ರೆ ಅಟ್ಟಕ್ಕೆ ಹೋದವು, ಇನ್ನು ಕೆಳಗಿಳಿಯುವುದಿಲ್ಲ — ತಿಕ್ಕುವವರು ಯಾರು? ಡಿಸೆಂಬರಿನಲ್ಲಿ ಟಿಇಟಿ ಪರೀಕ್ಷೆ. ಬಿ.ಎಡ್. ಮಾಡಿ ಒಲೆ ಮುಂದೆ ಕುಳಿತವಳಿಗೆ ದಿನಕ್ಕೆ ಎರಡು ತಾಸು ಬೇಕಿತ್ತು. ಸಿಕ್ಕಿವೆ.

ಅತ್ತೆ ಕಟ್ಟೆಯ ಮೇಲೆ ಕುಳಿತು ಎಲ್ಲ ನೋಡುತ್ತಿದ್ದರು. ಇಷ್ಟು ದಿನ ತೋಟಕ್ಕೆ ನಡೆದು ಹೋಗಿ ಮೋಟರ್ ಹಾಕುತ್ತಿದ್ದವರು ಅವರೇ.

"ಹಂಗಾರ ನಾ ತ್ವಾಟಕ್ಕ ಹೋಗೂದ ಬ್ಯಾಡೇನ?"

"ಯಾಕ್ರಿ ಅತ್ತಿ, ಈ ವಯಸ್ಸಿನ್ಯಾಗ? ಆರಾಮ ಕುಂದರ್ರಿ."

"ಕುಂತು ಏನ್ ಮಾಡ್ಲಿ?"

ಟಿವಿ ಹಾಕಿಕೊಟ್ಟೆ.

ನವೆಂಬರ್ 2, ರವಿವಾರ

ಮಕ್ಕಳ ಮನೋವಿಜ್ಞಾನ — ಎರಡು ಪಾಠ ಮುಗಿದವು. ಇವರು ಉಗಾರಕ್ಕೆ, ಸಕ್ಕರೆ ಫ್ಯಾಕ್ಟರಿ ಶಿಫ್ಟಿಗೆ. ಮನೆಯೆಲ್ಲ ಶಾಂತ. ಅತ್ತೆಯೂ ಇರಲಿಲ್ಲ. ಗುಡಿಗೆ ಹೋಗಿರಬೇಕು. ನಮ್ಮೂರು ಮಂಗಸೂಳಿಯಲ್ಲಿ ರವಿವಾರ ಮನೆಯಲ್ಲಿ ಕೂರುವವರು ಯಾರು? ಮಲ್ಲಯ್ಯನ ವಾರ. ಬಂದಾಗ ಹಣೆಗೆ, ಕೈಗೆ ಭಂಡಾರ. ಆ ಅರಿಶಿನದ ಪುಡಿಯಲ್ಲಿ ಮುಖ ಗೆಲುವಾಗಿ ಕಂಡಿತು. ಒಳ್ಳೆಯದೇ ಆಯಿತು. ಹೀಗೆ ಹೊತ್ತು ಹೋಗಲಿ.

ನವೆಂಬರ್ 9, ರವಿವಾರ. ಮಧ್ಯಾಹ್ನ

ಅತ್ತೆಯ ಸೀರೆ ಒಗೆಯಲು ತೆಗೆದೆ. ಸೆರಗಿನ ತುದಿ ಇಲ್ಲ. ಕತ್ತರಿಸಿದ್ದಲ್ಲ, ಹಗ್ಗದ ಹಾಗೆ ತಿರುಚಿ ಹರಿದದ್ದು. ಹರಿದಲ್ಲೆಲ್ಲ ಕರಿ ಗ್ರೀಸು, ಅದರ ಮೇಲೆ ಭಂಡಾರ.

"ಏನಾತ್ರಿ ಅತ್ತಿ ಇದು?"

"ಮುಳ್ಳಿಗೆ ಸಿಕ್ಕಿತ್ತ. ಹಳೀ ಸೀರಿ, ಬಿಡ."

ಎಂದವರೇ ಒಳಗೆ ಹೋದರು. ಮುಳ್ಳಿಗೆ ಗ್ರೀಸು ಎಲ್ಲಿಂದ ಬಂತು?

ನವೆಂಬರ್ 10, ಸೋಮವಾರ

ಬರೆಯಲು ಕೈ ಬರುತ್ತಿಲ್ಲ.

ಮಲಕಾರಿ ಬಂದಿದ್ದ. ನಮ್ಮ ಬಾವಿಯ ಬದಿಗೇ ಅವನ ಕುರಿ ಮೇಯುತ್ತವೆ. ಅಂಗಳದಲ್ಲೇ ನಿಂತು ಹೇಳಿದ:

"ವೈನಿ, ನಿಮ್ಮ ಅತ್ತಿಗೋಳನ್ನ ಒಬ್ರನ್ನ ತ್ವಾಟಕ್ಕ ಕಳಸಬ್ಯಾಡ್ರಿ. ನಿನ್ನೆ ಮೋಟರಿಗೆ ಭಂಡಾರ ಹಚ್ಚಾಕತ್ತಿದ್ರು. ಮೋಟರ್ ತಾನ ಚಾಲೂ ಆತ ನೋಡ್ರಿ! ಸೆರಗ ಸಿಕ್ಕೊಂಡ್ತು. ಸೀರಿ ಹಳೇದಿತ್ತು, ಹರೀತು. ಹೊಸಾದಿದ್ರ ಕುತ್ತಿಗೀನ ಎಳಕೊಂಡ ಹೋಗತಿತ್ತ."

ತಾನೇ ಚಾಲೂ ಆಗಲಿಲ್ಲ. ನಾನು ಒತ್ತಿದ್ದು. ಇಲ್ಲಿ, ಚಹಾ ಕುಡಿಯುತ್ತ.

ಈಗಿಲ್ಲದ ಮಾವ ಆ ಮೋಟರ್ ತಂದಾಗಿನಿಂದ ಅತ್ತೆಯದು ಇದೇ ಪದ್ಧತಿ. ರವಿವಾರ ಮೊದಲು ಮೋಟರಿಗೆ ಭಂಡಾರ, ಕೈಮುಗಿಯುವುದು, ಆಮೇಲೆ ಬಟನ್. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಟನ್ ಫೋನಿಗೆ ಬಂದ ಮೇಲೆ ಪೂಜೆಯೂ ತಾನೇ ನಿಂತಿತು ಎಂದುಕೊಂಡೆ. ಬಹಳ ಶಾಣ್ಯಾಕಿ ನಾನು! ಮೋಟರಿಗೂ ಪಂಪಿಗೂ ನಡುವೆ ತಿರುಗುವ ಕಪ್ಲಿಂಗಿಗೆ ಮುಚ್ಚಳ ಕೂಡ ಇಲ್ಲ. ತುಕ್ಕು ತಿಂದು ಬಿದ್ದು ಎಷ್ಟು ಕಾಲವಾಯಿತೋ.

ಇವರಿಗೆ ಹೇಳಬೇಕು. ಹೇಗೆ ಹೇಳಲಿ? ನಿಮ್ಮ ತಾಯಿಯನ್ನು ಮನೆಯಲ್ಲಿ ಕುಳಿತೇ ಕೊಲ್ಲುತ್ತಿದ್ದೆ ಎಂದೇ?

ನವೆಂಬರ್ 13, ಗುರುವಾರ

ಬೆರಳು ಫೋನಿನ ಹತ್ತಿರ ಹೋದರೆ ಮೊದಲು "ಅತ್ತೀ" ಎಂದು ಕೂಗುತ್ತೇನೆ. "ಓ" ಎನ್ನುತ್ತಾರೆ. ಆಮೇಲೂ ಭಯ — ಅಲ್ಲಿ ಬೇರೆ ಯಾರಾದರೂ ಇದ್ದರೆ? ಮಲಕಾರಿ ನೀರು ಕುಡಿಯಲು ಬಗ್ಗಿದ್ದರೆ? ನಿನ್ನೆ ಒತ್ತಲಿಲ್ಲ. ಇವತ್ತೂ ಇಲ್ಲ. ಬಳ್ಳಿ ಬಾಡುತ್ತಿದೆ ಎಂದು ಇವರು ಬೈದರು.

"ನೆಟ್‌ವರ್ಕ್ ಸಿಗವಲ್ದ್ರಿ" ಎಂದೆ. ಸುಳ್ಳು.

"ರವಿವಾರ ಹೋಗಬ್ಯಾಡ್ರಿ ಅತ್ತಿ" ಎಂದು ಕೈ ಹಿಡಿದು ಕೇಳಿದೆ. ಕೈ ಬಿಡಿಸಿಕೊಂಡು ಭಂಡಾರದ ಬಟ್ಟಲು ಒರೆಸತೊಡಗಿದರು. ಪುಸ್ತಕ ತೆರೆದು ಒಂದೇ ಸಾಲನ್ನು ಓದುತ್ತ ಕುಳಿತಿದ್ದೇನೆ. ಉಳಿಸಿದ ಎರಡು ತಾಸೂ ಈ ಹೆದರಿಕೆಗೇ ಹೋಗುತ್ತಿವೆ.

ನವೆಂಬರ್ 16, ರವಿವಾರ. ಸಂಜೆ

ಅಕ್ಷರ ಸೊಟ್ಟ ಸೊಟ್ಟ.

ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿದ್ದೆ: ಇವತ್ತು ಒತ್ತುವುದೇ ಇಲ್ಲ. ಅತ್ತೆ ಭಂಡಾರದ ಬಟ್ಟಲು ಹಿಡಿದು ಹೊರಟರು. ತಡೆಯಲಿಲ್ಲ. ಪೂಜೆ ಮಾಡಿಕೊಂಡು ಬರಲಿ, ಫೋನ್ ನನ್ನ ಕೈಯಲ್ಲೇ ಇದೆಯಲ್ಲ... ನಿರಾಳವಾಗಿ ಚಹಾಕ್ಕಿಟ್ಟೆ.

ಆಗ ಇವರ ಫೋನು, ಫ್ಯಾಕ್ಟರಿಯಿಂದ.

"ಇನ್ನ ನಿನ್ನ ನೆಟ್‌ವರ್ಕಿನ ತ್ರಾಸ ಇಲ್ಲ ನೋಡ. ನಿನ್ನೆ ಸಂಜಿಮುಂದ ಸ್ಟಾರ್ಟರ್ ಆಟೋಕ್ಕ ಹಾಕಿ ಬಂದೀನಿ. ತ್ರೀ ಫೇಸ್ ಕರೆಂಟ್ ಬಂತಂದ್ರ ಮೋಟರ್ ತಾನ ಚಾಲೂ ಆಗತೈತಿ. ನಿನ್ನ ಟೈಮೂ ಉಳೀತು."

ಗೋಡೆಯ ಗಡಿಯಾರ ನೋಡಿದೆ. ಕರೆಂಟ್ ಬರುವ ಹೊತ್ತು.

ಬಂದ್ ಮಾಡಲು ಸ್ಟಾರ್ಟರಿಗೆ ಫೋನ್ ಹಚ್ಚಿದೆ. ಹತ್ತಲಿಲ್ಲ. ಈ ಸಲ ಬಾವಿಯ ಕಡೆ ನಿಜವಾಗಿಯೂ ನೆಟ್‌ವರ್ಕ್ ಇಲ್ಲ! ಸ್ಕೂಟಿ ತೆಗೆದೆ. ಚಪ್ಪಲಿ ಹಾಕಿದ್ದು ನೆನಪಿಲ್ಲ. ದಾರಿಯುದ್ದಕ್ಕೂ ಮಲ್ಲಯ್ಯಾ ಮಲ್ಲಯ್ಯಾ ಎನ್ನುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಸ್ಕೂಟಿ ಅಲ್ಲೇ ಕೆಡವಿ ಓಡಿದೆ.

ಅತ್ತೆ ತಗಡಿನ ಮಾಡಿನ ಕೆಳಗೆ ಕುಳಿತಿದ್ದರು. ಹಣೆ ಮೋಟರಿಗೆ ತಾಗಿಸಿ, ಕಣ್ಣು ಮುಚ್ಚಿ. ಸೆರಗು ಕಪ್ಲಿಂಗಿನ ಮೇಲೆ ಇಳಿಬಿದ್ದಿತ್ತು. ರಟ್ಟೆ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು. ಬಟ್ಟಲು ಉರುಳಿತು.

"ದೇವ್ರ ಮುಂದಿಂದ ಹಿಂಗ ಎಳೀತಾರೇನ ಬೇ? ಖಬರ ಐತಿಲ್ಲ ನಿನಗ?"

ಅವರು ಬೈಯುತ್ತಿದ್ದಾಗಲೇ ಮೋಟರ್ ಎದ್ದಿತು. ಯಾರೂ ಮುಟ್ಟದೆ. ಹಚ್ಚಿದ ಭಂಡಾರವನ್ನೆಲ್ಲ ಸುತ್ತಲೂ ತೂರಿತು. ನಮ್ಮ ಮುಖದ ಮೇಲೂ ಬಿತ್ತು.

ನಾನು ಅತ್ತೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಹೋ ಎಂದು ಅತ್ತುಬಿಟ್ಟೆ. ಮನೆಗೆ ಬರುವವರೆಗೂ ಆ ಮುಷ್ಟಿ ಬಿಚ್ಚಲಿಲ್ಲ.

ನವೆಂಬರ್ 17, ಸೋಮವಾರ

ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚಿದರು. ಮದುವೆಯಾದ ಹೊಸತರಲ್ಲಿ ಹಚ್ಚುತ್ತಿದ್ದರು. ಬೆನ್ನ ಹಿಂದಿನಿಂದಲೇ ಮಾತಾಡಿದರು.

"ಹ್ವಾದ ವಾರ ನೀನ ಒತ್ತಿದ್ದಿ ಅಂತ ಗೊತ್ತಿತ್ತ ನನಗ."

"ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನಮ್ಮ ಶಿವರಾಜ ನಿನಗ ಬೈತಿದ್ದ. ಮತ್ತ ಇಬ್ರೂ ಕೂಡಿ ನನ್ನ ಅಲ್ಲಿಗೆ ಹೋಗೂದ ಬಂದ್ ಮಾಡ್ತಿದ್ರಿ." ಬೈತಲೆಗೆ ಇನ್ನಷ್ಟು ಎಣ್ಣೆ ಸುರಿದರು. "ಎಮ್ಮಿ ಹೋತು. ರೊಟ್ಟಿ ಬಡಿಯೂದ ಹೋತು. ಆ ಮೋಟರ್ ಒಂದ ಉಳದಿತ್ತವ್ವಾ."

ನನ್ನ ಕೆಲಸ ಕಡಿಮೆ ಮಾಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ತೆಗೆದದ್ದೆಲ್ಲ ಅವರದು. ಜೀವವನ್ನೂ ತೆಗೆಯುತ್ತಿದ್ದೆ.

ರಾತ್ರಿ ಇವರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ತಲೆ ಹಿಡಿದು ಕುಳಿತುಬಿಟ್ಟರು.

ನವೆಂಬರ್ 23, ರವಿವಾರ. ಬಾವಿಯ ಹತ್ತಿರ

ಇಲ್ಲೇ ಕಲ್ಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಆಟೋ ತೆಗೆಸಿದ್ದಾಯಿತು. ಫೋನಿನ ವೈರೂ ಬಿಚ್ಚಿಸಿದೆ. ಕಪ್ಲಿಂಗಿನ ಮುಚ್ಚಳ ವೆಲ್ಡಿಂಗ್ ಅಂಗಡಿಗೆ ಕೊಟ್ಟಿದ್ದೇವೆ, ಅವನು ದಿನಾ "ನಾಳಿ ಕೊಡ್ತೀನ್ರಿ" ಎನ್ನುತ್ತಾನೆ. ಬಟನ್ ಇನ್ನು ಅತ್ತೆಯದೇ. ರವಿವಾರ ನಾನೂ ಜೊತೆಗೆ. ಟಿಇಟಿ ಪುಸ್ತಕ ತಂದಿದ್ದೇನೆ. ತೆರೆದಿಲ್ಲ.

ಅತ್ತೆ ಭಂಡಾರ ಹಚ್ಚುತ್ತಿದ್ದಾರೆ. ಅವಸರವೇ ಇಲ್ಲ, ಕೂಸಿಗೆ ಎಣ್ಣೆ ಹಚ್ಚಿದ ಹಾಗೆ. ಮಾವನ ಸುದ್ದಿ ಏನೋ ತವರಿನ ಮರಾಠಿಯಲ್ಲಿ ಗೊಣಗುತ್ತಿದ್ದಾರೆ, ಮೋಟರಿನ ಮುಂದೆ. ಫ್ಯೂಸು ಮೂರೂ ಕಿತ್ತು ನನ್ನ ಉಡಿಯಲ್ಲಿ ಇಟ್ಟುಕೊಂಡಿದ್ದೇನೆ. ಈಗ ಅದು ತಿರುಗಲು ಸಾಧ್ಯವೇ ಇಲ್ಲ. ಗೊತ್ತಿದೆ. ಆದರೂ ಮತ್ತೆ ಮತ್ತೆ ಉಡಿ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಇವೆ. ಮೂರೂ ಇವೆ.

ಬೋರ್ಡಿನ ಕೆಂಪು ದೀಪ ಹತ್ತಿತು. ಕರೆಂಟ್ ಬಂತು.

ಅತ್ತೆ ಏಳುತ್ತಿದ್ದಾರೆ. "ಫ್ಯೂಸ್ ಹಾಕ ಬೇ ಶೈಲಾ, ಬಟನ್ ನಾ ಒತ್ತತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ನೋಡಿದೆ. ಇನ್ನೊಂದು ಸಲ ನೋಡಿ ಫ್ಯೂಸ್ ಹಾಕುತ್ತೇನೆ.