ತೆರೆಯದ ಸೀಸೆ

ಮನೆ, ಫೆಬ್ರವರಿ ೧೧, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೋದ ವರ್ಷ ಜೂನ್ ತಿಂಗಳಲ್ಲಿ ನನ್ನ ಮೊಮ್ಮಗಳು ಗುಬ್ಬಿಯನ್ನು ದಡಾರದ ಲಸಿಕೆ ಹಾಕದೆ ನಿನ್ನ ಕ್ಲಿನಿಕ್ಕಿನಿಂದ ವಾಪಸು ಕಳಿಸಿದವನು ನೀನು. ಮೊನ್ನೆಯ ಪತ್ರಿಕೆಯಲ್ಲಿ ಆ ತಪ್ಪನ್ನು ನನ್ನ ಮಗಳ ತಲೆಗೆ ಕಟ್ಟಿದವನೂ ನೀನೇ. ಆದರೂ ಅಕ್ಕನಾದವಳು ಕೇಳಬೇಕಲ್ಲ: ನಿನ್ನ ಸೊಂಟನೋವು ಹೇಗಿದೆ? ಹೊಸ ಊರಿನ ನೀರು ಒಗ್ಗಿತೇ? ವೇದಿಕೆಗಳಲ್ಲಿ ನೆಟ್ಟಗೆ ಕೂತು ಕೂತು ಸೊಂಟ ಹಿಡಿದುಕೊಂಡೀತು, ಜೋಪಾನ.

ಇಲ್ಲಿ ನಾವು ಚೆನ್ನಾಗಿಲ್ಲ. ಹೆಸರು ಹಿಡಿದು ಕೂಗಿದರೆ ಗುಬ್ಬಿ ತಿರುಗುವುದಿಲ್ಲ. ನೆಲ ಅದುರಿದರೆ ತಿರುಗುತ್ತಾಳೆ. ಅದಕ್ಕೇ ಅವಳಮ್ಮ ಅವಳನ್ನು ಕರೆಯಲು ಹಿಮ್ಮಡಿಯಿಂದ ಹಲಗೆಯ ನೆಲವನ್ನು ಗುದ್ದುತ್ತಾಳೆ. ಕೆಳಗಿನ ಮನೆಯವರು ಮೊದಲು ಜಗಳಕ್ಕೆ ಬಂದರು, ವಿಷಯ ತಿಳಿದ ಮೇಲೆ ಸುಮ್ಮನಾದರು. ಈಗ ನಿನ್ನ ಸಂದರ್ಶನ ಓದಿ ಮಗಳ ಜೊತೆ ಮಾತೇ ಬಿಟ್ಟಿದ್ದಾರೆ. “ನಮ್ಮಂಥ ಕುಟುಂಬ ವೈದ್ಯರಿಗೆ ಲಸಿಕೆಯ ಬಗ್ಗೆ ಅನುಮಾನವಿಲ್ಲ, ಅನುಮಾನವೆಲ್ಲ ತಾಯಂದಿರಿಗೆ, ನಮ್ಮ ಮನೆಯಲ್ಲೇ ಒಬ್ಬಳು ಹಟ ಹಿಡಿದು ಮಗುವಿನ ಕಿವಿ ಕಳೆದಳು” ಎಂದೆಯಲ್ಲ, ಆ ಒಬ್ಬಳು ಯಾರೆಂದು ಈ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ?

ಆ ದಿನ ನಾನೂ ಅಲ್ಲೇ ಇದ್ದೆ, ತೂಕದ ಯಂತ್ರದ ಪಕ್ಕ. ಮಗುವಿನ ಮೂಗು ಒರೆಸಿ ನೀನು ಅಂದೆ, “ನೆಗಡಿ ಇದೆಯಮ್ಮ, ಈಗ ಚುಚ್ಚೋದು ಬೇಡ. ಮುಂದಿನ ತಿಂಗಳು ಕರ್ಕೊಂಡ್ಬಾ.” ಮಗಳು, “ಮಾವ, ಇವತ್ತೇ ಹಾಕ್ಬಿಡಿ, ಹಿಂದಿನ ಬೀದೀಲಿ ದಡಾರ ಇದೆ” ಅಂದಳು. “ಡಾಕ್ಟ್ರು ನೀನೋ ನಾನೋ?” ಅಂತ ನೀನು ನಕ್ಕೆ. ಮುಂದಿನ ತಿಂಗಳು ಬರುವ ಮೊದಲೇ ದಡಾರ ಬಂತು, ಹೋಗುವಾಗ ಗುಬ್ಬಿಯ ಕಿವಿ ಕೊಂಡೊಯ್ದಿತು.

ಸಣ್ಣ ನೆಗಡಿ ಲಸಿಕೆಗೆ ಅಡ್ಡಿಯಲ್ಲ ಎಂದು ನಾನು ಆಮೇಲೆ ಓದಿ ತಿಳಿದೆ. ನಿನಗೆ ಅದು ಮೊದಲೇ ಗೊತ್ತಿತ್ತು. ಗುಬ್ಬಿಯನ್ನು ಸೇರಿಸಿದ್ದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನೀನೇ ಹೇಳಿದೆ: “ಅಕ್ಕಾ, ಒಂದು ಸೀಸೇಲಿ ಹಲವು ಮಕ್ಕಳಿಗಾಗೋಷ್ಟು ಇರುತ್ತೆ. ತೆರೆದ್ರೆ ಅವತ್ತೇ ಮುಗಿಸ್ಬೇಕು. ಅವತ್ತು ಬಂದಿದ್ದು ಇವಳೊಬ್ಬಳೇ, ಮಿಕ್ಕಿದ್ದು ಚೆಲ್ಲಬೇಕಾಗ್ತಿತ್ತು. ಅದಕ್ಕೇ ನೆಗಡಿ ಅಂದೆ. ನಿಂಗೆ ಮಾತ್ರ ಹೇಳ್ತಿದೀನಿ.” ನೀನು ಅತ್ತೆ, ನಾನು ಕನಿಕರಪಟ್ಟೆ. ಆ ಕನಿಕರವನ್ನು ಇವತ್ತು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಚಿಕ್ಕಂದಿನಲ್ಲಿ ನೀನು ಒಡೆದ ಲೋಟಗಳಿಗೆಲ್ಲ ನಾನು ಏಟು ತಿಂದೆ. ನನ್ನ ಮಗಳು ತಿನ್ನುವುದಿಲ್ಲ.

ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಆಶೀರ್ವಾದ, ಅವರ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಪಾಲಿನದನ್ನು ತಡೆಹಿಡಿದಿದ್ದೇನೆ.

ನಿನ್ನ ಅಕ್ಕ

ಅವಸರದಲ್ಲಿ ಬಿಟ್ಟುಹೋದದ್ದು: ಈ ಭಾನುವಾರ ಲಸಿಕೆಯ ಬಗ್ಗೆ ಭಾಷಣ ಮಾಡಲು ಇಲ್ಲಿನ ಪುರಭವನಕ್ಕೆ ಬರುತ್ತೀಯಂತೆ. ಈ ಕಾಗದದ ಪ್ರತಿ ಆ ಪತ್ರಿಕೆಯ ಸಂಪಾದಕರಿಗೂ ಹೋಗಿದೆ. ಮುಂದಿನ ಸಾಲಿನಲ್ಲಿ ನಾನು, ಮಗಳು, ಅವಳ ತೊಡೆಯ ಮೇಲೆ ಗುಬ್ಬಿ. ಭಾಷಣ ಮುಗಿದ ಕೂಡಲೇ ಎದ್ದು ಕೇಳುತ್ತೇನೆ: ಅವತ್ತು ಬೇಡ ಅಂದವರು ಯಾರು, ಯಾಕೆ? ಕೆಮ್ಮಬೇಡ, ಗಡಿಯಾರ ನೋಡಬೇಡ. ಮೈಕಿನಲ್ಲೇ, ಸಭೆಯ ಕೊನೆಯ ಸಾಲಿಗೂ ಮುಟ್ಟುವ ಹಾಗೆ ಉತ್ತರ ಕೊಡು.